ನಾಲ್ಕೂರಿಗೆ ಸೀರೆ, ಒಂದೂರಿಗೆ ಸಾವು

…ಅಥವಾ ಅದು ಕೂಡ್ಲಿಗಿಯ ಬಸ್ ನಿಲ್ದಾಣ ಇರಲಿಕ್ಕಿಲ್ಲ, ಕೊಟ್ಟೂರಿನದೇ ಇರಬೇಕು. ನೆನಪಿನಲ್ಲಿ ಅವರು ಖಾಸಗಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಬಲ ಅಂಗೈಯನ್ನು ಕಿವಿಯ ಹಿಂದೆ ಹಿಡಿದು, "ಹಡಗಲಿ, ಹಡಗಲೀ" ಎಂದು ಕೂಗುತ್ತಿದ್ದಾರೆ. ಪಕ್ಕದಲ್ಲೇ ನನ್ನ ಫ್ಲೆಕ್ಸ್ ಅಂಗಡಿ ಕಾಣುತ್ತದೆ. ಅಂಗಡಿ ಇದ್ದದ್ದು ಕೊಟ್ಟೂರಿನಲ್ಲಿ. ಆದರೆ ಅವರು ಬಸ್ಸಿಗೆ ಜನರನ್ನು ಕೂಗುತ್ತಿದ್ದ ಕಾಲಕ್ಕೆ ನಾನು ಅಂಗಡಿಯನ್ನೇ ಇಟ್ಟಿರಲಿಲ್ಲ. ಅಂದರೆ ಅಂಗಡಿಯನ್ನು ನಾನು ಆಮೇಲೆ ತಂದು ಆ ಚಿತ್ರದಲ್ಲಿ ನಿಲ್ಲಿಸಿದ್ದೇನೆ. ಫ್ಲೆಕ್ಸ್ ಮಾಡುವವನಿಗೆ ಇದು ಕಷ್ಟದ ಕೆಲಸವಲ್ಲ. ಯಾರ ಪಕ್ಕದಲ್ಲಿ ಯಾರನ್ನು ಬೇಕಾದರೂ ಕೂರಿಸಿ ಕೊಟ್ಟಿದ್ದೇನೆ.

ಅವರು ಹೋದ ತಿಂಗಳು ತೀರಿಕೊಂಡರು. ತೀರಿಕೊಂಡವರ ಬಗ್ಗೆ ಬರೆಯುವಾಗ ಎತ್ತರದ ನಿಲುವು, ಹಸನ್ಮುಖ, ಸರಳ ಜೀವಿ ಎಂದು ಶುರುಮಾಡುವ ರೂಢಿ ಇದೆ. ಅವರು ಕುಳ್ಳಗಿದ್ದರು. ಮುಖ ಯಾವಾಗಲೂ ಬಸ್ಸು ತಪ್ಪಿದವರ ಮುಖ. ಸರಳತೆಯ ವಿಷಯ ಅವರ ಹೆಂಡತಿಯನ್ನು ಕೇಳಬೇಕು. ಬಿಸಿನೀರಿಗೆ ಜೀರಿಗೆ ಎರಡು ಕಾಳು ಹೆಚ್ಚು ಬಿದ್ದರೆ ಲೋಟ ವಾಪಸ್ಸು ಬರುತ್ತಿತ್ತಂತೆ. ಹೆಸರು ಬರೆಯುವುದಿಲ್ಲ. ಊರಿನ ಎಷ್ಟೋ ಜನರ ಹೆಸರನ್ನು ಕೊನೆಯ ಸಲ ಕೂಗಿದವರು ಅವರು. ಅವರ ಹೆಸರನ್ನು ನಾನು ಕೂಗಲು ಹೋಗಬಾರದು ಅನಿಸುತ್ತದೆ.

ಅವರ ಕೆಲಸ ಆಟೋದ ಮೈಕಿಗೆ ದನಿ ಕೊಡುವುದು. ಬಟ್ಟೆ ಅಂಗಡಿ, ಟ್ಯೂಷನ್ ಕ್ಲಾಸು, ನೀರು ಬಿಡದ ದಿನದ ಪ್ರಕಟಣೆ, ಕಳೆದುಹೋದ ಎಮ್ಮೆ. ಬರಬರುತ್ತ ಹೆಚ್ಚುಕಡಿಮೆ ಸಾವೊಂದೇ. ಕೊಟ್ಟೂರಿನಲ್ಲಿ ಯಾರಾದರೂ ತೀರಿಕೊಂಡರೆ ಒಂದು ಆಟೋ ಓಣಿ ಓಣಿ ಸುತ್ತುತ್ತ ಇಂಥವರು ಹೋದರು, ಇಷ್ಟು ಗಂಟೆಗೆ ಮಣ್ಣು ಎಂದು ಹೇಳುತ್ತದೆ. ಆ ದನಿ ಅವರದು. ಯಾವ ಜಾತಿ, ಯಾವ ಓಣಿ ಎಂದು ಕೇಳುತ್ತಿರಲಿಲ್ಲ, ಅದಕ್ಕೆ ದುಡ್ಡೂ ಮುಟ್ಟುತ್ತಿರಲಿಲ್ಲ. "ಸೀರಿಗೆ ರೇಟ್ ಐತಿ, ಎಮ್ಮಿಗೆ ರೇಟ್ ಐತಿ. ಸಾವಿಗೆ ಎಂಥಾ ರೇಟ್ ಹಾಕ್ತೀಯೋ ತಮ್ಮ" ಎನ್ನುತ್ತಿದ್ದರು.

ಸ್ಟುಡಿಯೋ ಎಂದರೆ ಅವರ ಮನೆಯ ಹಿಂದಿನ ಕೋಣೆ. ನಾಲ್ಕು ಗೋಡೆಗೂ ಹೆಂಡತಿ ಹೊಲಿದ ಕೌದಿಗಳನ್ನು ತೂಗುಹಾಕಿ, ಇನ್ನೊಂದನ್ನು ತಲೆಯ ಮೇಲೆ ಹೊದ್ದುಕೊಂಡು, ಒಳಗೆ ಮೊಬೈಲ್ ಹಿಡಿದು ಮಾತಾಡುತ್ತಿದ್ದರು. ಕೌದಿ ಸರಿಸಿ ಬೆವರಿದ ಮುಖ ಹೊರಗೆ ಬಂದಾಗ ಊರಿನಲ್ಲಿ ಒಬ್ಬರು ಅಧಿಕೃತವಾಗಿ ಇಲ್ಲವಾಗಿರುತ್ತಿದ್ದರು. ಆಮೇಲೆ ಆ ಫೈಲು ನನ್ನ ಅಂಗಡಿಗೆ ಬರುತ್ತಿತ್ತು. ನಾನು ಗಾಳಿಯ ಸದ್ದು ತೆಗೆದು, ಪೆನ್‌ಡ್ರೈವಿಗೆ ಹಾಕಿ ಆಟೋದವನಿಗೆ ಕೊಡುತ್ತಿದ್ದೆ, ಜೊತೆಗೆ ಶ್ರದ್ಧಾಂಜಲಿಯ ಫ್ಲೆಕ್ಸ್. ಹೀಗೆ ನಾವಿಬ್ಬರೂ ಒಂದೇ ಗಿರಾಕಿಯನ್ನು ಹಂಚಿಕೊಂಡವರು.

ಒಂದು ಸಲ ಅವರ ರೆಕಾರ್ಡಿಂಗಿನಲ್ಲಿ ಹೆಸರಿನ ಮುಂಚೆ ಉದ್ದ ಖಾಲಿ ಇದೆಯೆಂದು ಕತ್ತರಿಸಿಬಿಟ್ಟಿದ್ದೆ. ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು.

"ಆ ಖಾಲಿ ಯಾಕ ತಗದಿ?"

"ಸುಮ್ನ ಇತ್ತಲ್ಲಣ್ಣ. ವೇಸ್ಟು."

"ವೇಸ್ಟ್ ಅಲ್ಲಲೇ ಅದು. ‘ವಿಷಾದದಿಂದ ತಿಳಿಸುತ್ತೇವೆ’ ಅಂದಕೂಡ್ಲೆ ಕೇಳೋರಿಗೆ ಗೊತ್ತಾಗ್ತೈತಿ, ಯಾರೋ ಹೋಗ್ಯಾರಂತ. ಯಾರು ಅಂತ ಗೊತ್ತಾಗಾಕ ಮುಂಚೆ ಒಂದು ಉಸುರು ಬಿಡಬೇಕು. ಎದಿ ಗಟ್ಟಿ ಮಾಡ್ಕೊಳ್ಳಾಕ ಟೈಮ್ ಬೇಕಾಕ್ಕೈತಿ."

ಆ ಮಾತನ್ನು ಅವರು ಇಷ್ಟು ಚೆನ್ನಾಗಿ ಹೇಳಿದರೋ, ವರ್ಷಗಟ್ಟಲೆ ಬೇರೆಯವರ ಮುಂದೆ ಹೇಳಿ ಹೇಳಿ ನಾನೇ ಅದನ್ನು ನುಣ್ಣಗೆ ಮಾಡಿದ್ದೇನೋ ಹೇಳಲಾರೆ. ಆದರೆ ಅವತ್ತಿನಿಂದ ಆ ಖಾಲಿಯನ್ನು ಕತ್ತರಿಸಲಿಲ್ಲ, ಒಂದು ಸಲ ಬಿಟ್ಟು.

ತೊಂದರೆ ಶುರುವಾದದ್ದು ಹೊಸ ಸೀರೆ ಅಂಗಡಿಯಿಂದ. ಯುಗಾದಿಗೆ ಎರಡು ಸೀರೆ ಕೊಂಡರೆ ಒಂದು ಉಚಿತ. ಮಾಲೀಕರು ದೊಡ್ಡ ದನಿ ಬೇಕೆಂದು ಇವರನ್ನೇ ಹಿಡಿದರು. ಆಟೋ ಹೊರಟಿತು. "ಕೊಟ್ಟೂರಿನ ಸಮಸ್ತ ಬಂಧುಗಳೇ" ಎಂದು ಇವರ ದನಿ ಬಂದ ತಕ್ಷಣ ಹೆಂಗಸರು ಒಲೆಯ ಉರಿ ಸಣ್ಣ ಮಾಡಿ ಬಾಗಿಲಿಗೆ ಬಂದರು. ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತಿದ್ದವರು ಕೈ ತಡೆದು ಎದ್ದು ನಿಂತರು. ಒಬ್ಬರು ಆಟೋದವನನ್ನು ಕೈಮಾಡಿ ನಿಲ್ಲಿಸಿ ಕೇಳಿದರು:

"ಯಾರ್ರೀ?"

"ಯಾರೂ ಇಲ್ರಿ. ಸೀರಿ."

"ಸೀರಿಯವ್ರ ಮನ್ಯಾಗ ಯಾರು?"

ಸಂಜೆಯೊಳಗೆ ಅಂಗಡಿಗೆ ಜನ ಬಂದರಂತೆ. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದು, ಮಾಲೀಕರ ಮುಖ ನೋಡುತ್ತ ಸುಮ್ಮನೆ ನಿಂತರಂತೆ. ಒಬ್ಬರು ಹಾರ ತಂದಿದ್ದರು ಎಂಬುದನ್ನು ನಾನು ಸೇರಿಸಿರಬಹುದು. ಮಾಲೀಕರು ಹೇಳಿದ ಮಾತು ಮಾತ್ರ ಸೇರಿಸಿದ್ದಲ್ಲ: "ಅಣ್ಣಾರ, ನಿಮ್ಮ ದನಿ ಭಾರಿ ಐತ್ರಿ. ಆದ್ರ ಹೆಣ್ಮಕ್ಳು ಸೀರಿ ಸೆರಗು ಕಣ್ಣಿಗೆ ಒತ್ಕೊಂಡು ಬಂದ್ರ ವ್ಯಾಪಾರ ಹೆಂಗ ಆಕ್ಕೈತಿ?"

ಈ ಹೊತ್ತಿಗೆ ನಾನು ಹೊಸಪೇಟೆಯಲ್ಲಿ ಮೂರು ದಿನದ ಉದ್ಯಮಶೀಲತಾ ತರಬೇತಿ ಮುಗಿಸಿ ಬಂದಿದ್ದೆ. ಊಟ ಚೆನ್ನಾಗಿತ್ತು. ಪ್ರಮಾಣಪತ್ರದ ಜೊತೆಗೆ ಒಂದು ನೀಲಿ ಫೈಲು ಕೊಟ್ಟಿದ್ದರು. ಅದರ ತುಂಬ ಖಾಲಿ ಚೌಕಗಳು. ಚೌಕ ತುಂಬಿದರೆ ಮಾರ್ಕೆಟಿಂಗ್ ಪ್ಲಾನ್ ಆಯಿತು, ಪ್ಲಾನ್ ಆದರೆ ಬದುಕು ಆಯಿತು. ನನ್ನ ಬದುಕಿನ ಚೌಕ ತುಂಬುವ ಧೈರ್ಯ ಇಲ್ಲದ್ದರಿಂದ ಅವರದನ್ನು ತುಂಬಲು ಕೂತೆ. ಮೊದಲು ವಿಸಿಟಿಂಗ್ ಕಾರ್ಡು: ‘ಸ್ವತಂತ್ರ ಧ್ವನಿ ಕಲಾವಿದರು’. ಅವರ ಹೆಂಡತಿ ಕಾರ್ಡನ್ನು ಬೆಳಕಿಗೆ ಹಿಡಿದು ಓದಿದರು.

"ಸ್ವತಂತ್ರ ಅಂದ್ರ ಕೆಲಸ ಇಲ್ಲ ಅಂತ ಹೌದಲ್ಲೋ?"

"ಅಲ್ಲಕ್ಕ, ಯಾರ ಕೈ ಕೆಳಗೂ ಇಲ್ಲ ಅಂತ."

"ಅದನ್ನ ಹೇಳಿದ್ನಿ ನಾನು."

‘ನಿಮ್ಮ ಗ್ರಾಹಕ ಯಾರು?’ ಎಂಬ ಮೊದಲ ಚೌಕಕ್ಕೆ ಇವರು ಹೇಳಿದರು: "ಸತ್ತವ. ಒಂದ ಸಲ ಬರ್ತಾನ. ಎರಡನೇ ಸಲ ಬರಂಗಿಲ್ಲ." ‘ಸಂತೃಪ್ತ ಗ್ರಾಹಕರ ಅಭಿಪ್ರಾಯ ಸಂಗ್ರಹಿಸಿ’ ಎಂಬ ಚೌಕ ಬಂದಾಗ ನನ್ನ ಮುಖವನ್ನೇ ನೋಡಿದರು. "ಅದನ್ನ ನೀನ ಹೋಗಿ ತಂದುಬಿಡು" ಎಂದರು.

ಆದರೂ ನಾನು ಬಿಡಲಿಲ್ಲ. ಕೌದಿಯೊಳಗೆ ಕೂರಿಸಿ ಮಾದರಿ ಧ್ವನಿ ಮಾಡಿಸಿದೆ: ಅರ್ಧ ನಿಮಿಷ ಸಂತೋಷ, ಅರ್ಧ ನಿಮಿಷ ಗಾಂಭೀರ್ಯ, ಅರ್ಧ ನಿಮಿಷ ಬ್ಯಾಂಕಿನವರ ಭರವಸೆ. ಮೂರೂ ಒಂದೇ ಥರ ಕೇಳಿಸುತ್ತಿದ್ದವು. ಬ್ಯಾಂಕೂ ತೀರಿಕೊಂಡ ಹಾಗಿತ್ತು. ಬೆಂಗಳೂರಿನ ಕಂಡ ಕಂಡ ಸ್ಟುಡಿಯೋಗಳಿಗೆ ಕಳಿಸಿದೆ. ಒಂದೇ ಒಂದು ಕಡೆಯಿಂದ ಫೋನು ಬಂತು. ಪಶು ಆಹಾರದ ಜಾಹೀರಾತು, ಹಳ್ಳಿಯವರ ಹಾಗೆ ಮಾತಾಡಬೇಕು. ಇವರು ತಾವು ಮಾತಾಡುವ ಹಾಗೆಯೇ ಮಾತಾಡಿದರು. ಆ ಕಡೆಯ ಹುಡುಗಿ ವಿನಯದಿಂದ, "ಸರ್, ಇದು ಹಳ್ಳಿ ಅಂತ ಅನ್ನಿಸ್ತಿಲ್ಲ. ಇನ್ನೂ ಸ್ವಲ್ಪ ಹಳ್ಳಿ ಮಾಡ್ತೀರಾ?" ಎಂದಳು. ಎರಡು ಸಲ ಮಾಡಿದರು. ಮೂರನೆಯ ಸಲಕ್ಕೆ ಕೌದಿ ತೆಗೆದು ಹೊರಬಂದರು.

"ಇನ್ನ ಎಷ್ಟು ಹಳ್ಳಿ ಆಗಬೇಕಲೇ ನಾನು? ಕೊಟ್ಟೂರಿಗೆ ಪಟ್ಟಣ ಪಂಚಾಯ್ತಿ ಐತಿ."

ಹೀಗೆ ಬೆಂಗಳೂರಿನ ಮಾರುಕಟ್ಟೆ ಮುಗಿಯಿತು. ನೀಲಿ ಫೈಲು ಬೀರುವಿಗೆ ಹೋಯಿತು. ಕೈಗೆಟುಕುವ ಪ್ಲಾನನ್ನು ನಾವು ಮಾಡಿದ್ದು ತಪ್ಪು ಅಚ್ಚಾದ ಒಂದು ಫ್ಲೆಕ್ಸಿನ ಹಿಂಬದಿಯಲ್ಲಿ, ಮಾರ್ಕರ್ ಪೆನ್ನಿನಿಂದ. ತರ್ಕ ಸರಳ. ಈ ದನಿ ಎಂದರೆ ಸಾವು ಎಂದು ಗೊತ್ತಿರುವುದು ಕೊಟ್ಟೂರಿಗೆ ಮಾತ್ರ. ಸುತ್ತಲಿನ ನಾಲ್ಕು ಊರಿಗೆ ಇನ್ನೂ ಗೊತ್ತಿಲ್ಲ. ಹಾಗಾದರೆ ಕೂಡ್ಲಿಗಿಯಲ್ಲಿ ಶಾಲೆಯ ದಾಖಲಾತಿ, ಹರಪನಹಳ್ಳಿಯಲ್ಲಿ ಕಣ್ಣಿನ ಶಿಬಿರ, ಹಗರಿಬೊಮ್ಮನಹಳ್ಳಿಯಲ್ಲಿ ಟ್ರ್ಯಾಕ್ಟರ್ ಮೇಳ, ಹಡಗಲಿಯಲ್ಲಿ ಬಟ್ಟೆ. ಕೊಟ್ಟೂರಿನಲ್ಲಿ ಸಾವೊಂದೇ. ಗೆರೆ ದಾಟುವ ಹಾಗಿಲ್ಲ.

"ಅಂದ್ರ ನಾಲ್ಕೂರಿಗೆ ಸೀರಿ, ಒಂದೂರಿಗೆ ಸಾವು" ಎಂದರು ಅವರು.

"ಹೂಂ ಅಣ್ಣ. ಇದಕ್ಕ ಮಾರ್ಕೆಟ್ ವಿಂಗಡಣೆ ಅಂತಾರ."

"ಏನರ ಅನ್ನಲಿ. ಮತ್ತ ಬಸ್ಸಿಗೆ ಕೂಗಾಕ ಹೋಗದಂಗ ದನಿ ಮ್ಯಾಲ ಬಾಳ್ವಿ ನಡದ್ರ ಸಾಕು."

ನಡೆಯಿತು, ಕೆಲವು ತಿಂಗಳು. ನನಗೆ ನಾನೇ ತರಬೇತುದಾರನ ಹಾಗೆ ಕಾಣತೊಡಗಿದ್ದೆ. ನನ್ನ ಚೌಕಗಳಲ್ಲಿ ಒಂದು ಚೌಕ ಇರಲಿಲ್ಲ: ಹೆಣ್ಣುಮಕ್ಕಳನ್ನು ಯಾವ ಊರಿಗೆ ಕೊಡುತ್ತಾರೆ ಎಂಬುದು.

ಕೊಟ್ಟೂರಿನಲ್ಲಿ ಕೊಟ್ರಪ್ಪ ಎಂಬ ಹಿರಿಯರಿದ್ದರು. ಕೊಟ್ಟೂರಿನಲ್ಲಿ ಕೊಟ್ರಪ್ಪ ಎಂದರೆ ಯಾರನ್ನೂ ಹೆಸರಿಸಿದಂತಾಗುವುದಿಲ್ಲ, ಮನೆಗೊಬ್ಬರು ಇರುತ್ತಾರೆ. ಇವರಿಗೆ ಎದೆನೋವು, ಹಾಸಿಗೆ ಹಿಡಿದಿದ್ದರು. ಮಗಳನ್ನು ಹಡಗಲಿಗೆ ಕೊಟ್ಟಿತ್ತು. ಒಂದು ಬೆಳಿಗ್ಗೆ ಆಕೆ ಕಟ್ಟೆಯ ಮೇಲೆ ಮಲ್ಲಿಗೆ ಮೊಗ್ಗು ಕಟ್ಟುತ್ತ ಕೂತಿದ್ದಾಗ ಓಣಿಯ ತುದಿಯಲ್ಲಿ ಆಟೋ ಬಂತು, ಆಟೋದೊಳಗಿಂದ ತವರಿನ ಆ ದನಿ ಬಂತು. ದನಿ ಏನು ಹೇಳುತ್ತಿದೆ ಎಂದು ಆಕೆ ಕೇಳಲೇ ಇಲ್ಲ. ಮೊಗ್ಗಿನ ಬುಟ್ಟಿ ಅಲ್ಲೇ ಬಿಟ್ಟು, ಅತ್ತೆ, ಗಂಡ, ನೆಗೆಣ್ಣಿ ಎಲ್ಲರನ್ನೂ ಕರೆದುಕೊಂಡು ಬಸ್ ಹತ್ತಿದಳು. ಕೊಟ್ಟೂರಿನ ಮನೆಯ ಬಾಗಿಲಲ್ಲಿ ಅತ್ತುಕೊಂಡು ನುಗ್ಗಿದರೆ ಕೊಟ್ರಪ್ಪನವರು ದಿಂಬಿಗೆ ಒರಗಿ ಮಂಡಕ್ಕಿ ತಿನ್ನುತ್ತಿದ್ದರು.

ಸುದ್ದಿ ತಿಳಿದು ನಾವಿಬ್ಬರೂ ಓಡಿದೆವು. ಇವರು ಬಾಗಿಲಲ್ಲೇ ಕೈಮುಗಿದು ನಿಂತರು. ಕೊಟ್ರಪ್ಪನವರು ಮಂಡಕ್ಕಿ ಬಿಡದೆ ಹೇಳಿದರು: "ಬಾರೋ, ಒಳಗ ಬಾ. ನಾನು ಹೋದ್ರ ಎಷ್ಟು ಮಂದಿ ಬರ್ತಾರಂತ ಖರ್ಚಿಲ್ದ ನೋಡ್ದಂಗಾತು. ಅಳಿಯ ಮಾತ್ರ ಅಳಲಿಲ್ಲ ನೋಡು, ಬರದಿಟ್ಕೋ."

ನಾನು ಮಗಳನ್ನು ಕೇಳಿದೆ, "ಒಂದು ಫೋನ್ ಮಾಡಬಾರ್ದಿತ್ತೇನಕ್ಕ?"

"ಫೋನಿನಾಗ ಯಾರು ಖರೆ ಹೇಳ್ತಾರ? ‘ಸ್ವಲ್ಪ ಹುಷಾರಿಲ್ಲ, ಬಂದು ಹೋಗು’ ಅಂತಾರ. ನಮ್ಮವ್ವ ಹೋದಾಗೂ ಹಂಗ ಅಂದಿದ್ರು." ಆಕೆ ಇವರ ಕಡೆಗೆ ತಿರುಗಿದಳು. "ಈ ದನಿ ಸುಳ್ಳು ಹೇಳಂಗಿಲ್ಲ ಅಂತ ಬಂದೆ."

ಅವರು ಮತ್ತೊಮ್ಮೆ ಕೈಮುಗಿದು ಚಪ್ಪಲಿ ಮೆಟ್ಟಿಕೊಂಡರು.

ಬೇರೆ ಯಾರಾದರೂ ಆಗಿದ್ದರೆ ವ್ಯವಹಾರ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸೀರೆ ಅಂಗಡಿಯ ಮಾಲೀಕರು ನನ್ನಂಥ ಫೈಲಿನ ಜಾಣರಲ್ಲ, ಖರೇ ಜಾಣರು. ಐದೂ ಊರಲ್ಲಿ ಅಂಗಡಿ ತೆಗೆಯುವವರಿದ್ದರು. ನನ್ನ ಅಂಗಡಿಯಲ್ಲೇ ಕೂತು ಲೆಕ್ಕ ಬಿಡಿಸಿದರು: "ಬ್ಯಾರೇರ ದನಿಗೆ ಮಂದಿ ಟಿವಿ ಸೌಂಡ್ ಜಾಸ್ತಿ ಮಾಡ್ತಾರ. ಇವ್ರ ದನಿಗೆ ಹೊರಗ ಬರ್ತಾರ. ಹೊರಗ ಬಂದೋರಿಗೆ ಹೆದರಿಕಿ ಒಂದು ಹೋದ್ರ ಸಾಕು, ಸೀರಿ ತಗೊಂತಾರ. ವರ್ಷದ ಕರಾರು ಮಾಡ್ತೀನಿ. ಆದ್ರ ಇವತ್ತಿಂದ ಒಂದ ಒಂದು ಸಾವೂ ಕೇಳಬಾರ್ದು."

ವರ್ಷದ ಕರಾರು. ಅದುವರೆಗೆ ಅವರನ್ನು ಯಾರೂ ಒಂದು ದಿನಕ್ಕಿಂತ ಹೆಚ್ಚು ಕಾಲ ನೇಮಿಸಿಕೊಂಡಿರಲಿಲ್ಲ. ಐವತ್ತೈದು ದಾಟಿದ್ದರು. ನಾನು ಫ್ಲೆಕ್ಸಿನ ಹಿಂಬದಿಯಲ್ಲಿ ಕೊಟ್ಟೂರಿನ ಮುಂದಿದ್ದ ಸಾವನ್ನು ಕೆಂಪು ಮಾರ್ಕರಿನಿಂದ ಹೊಡೆದುಹಾಕಿದೆ. ಅವರು ನೋಡುತ್ತ ಕೂತಿದ್ದರು, ಹೂಂ ಎಂದರು. ಎಂದರೆಂದು ನನ್ನ ನೆನಪು. ಕೆಮ್ಮಿದ್ದೂ ಇರಬಹುದು.

ಮುಂದಿನ ವಾರ ಇಬ್ಬರು ತೀರಿಕೊಂಡರು. ಮನೆಯವರು ಬಂದು ಕರೆದಾಗ ಇವರು ಗಂಟಲು ಮುಟ್ಟಿ ತೋರಿಸಿ, ಸರಿಯಿಲ್ಲ ಎಂದರು. ಅವರ ಹೆಂಡತಿ ನನ್ನ ಅಂಗಡಿಗೆ ಬಂದು ನಿಂತರು.

"ಮೂವತ್ತು ವರ್ಷದಾಗ ಇವ್ರ ಬಾಯಾಗ ಸುಳ್ಳು ಕೇಳಿದ್ದಿಲ್ಲ ನಾನು. ಈಗ ವಾರದಾಗ ಎರಡು. ಅದೂ ನಿನ್ನ ಪ್ಲಾನಿನಾಗ ಐತೇನೋ?"

"ಸುರುವಿಗೆ ಹಂಗ ಅಕ್ಕ. ಆಮ್ಯಾಲ ರೂಢಿ ಆಕ್ಕೈತಿ."

"ಸುಳ್ಳು ರೂಢಿ ಆಕ್ಕೈತಿ ಅಂತ ಹೇಳಾಕ ಮೂರು ದಿನ ಹೊಸಪೇಟಿಗೆ ಹೋಗಿದ್ದೇನು?"

ಆಮೇಲೆ ಕೊಟ್ರಪ್ಪನವರು ನಿಜವಾಗಿ ತೀರಿಕೊಂಡರು. ಅವತ್ತು ಇವರು ಊರಲ್ಲಿ ಇರಲಿಲ್ಲ. ಸೀರೆ ಅಂಗಡಿಯ ಜಾಹೀರಾತಿಗೆ ಹೊಸಪೇಟೆಯ ನಿಜವಾದ ಸ್ಟುಡಿಯೋಕ್ಕೆ ಹೋಗಿದ್ದರು. ಕೌದಿಯಿಲ್ಲದ ಮೊದಲ ರೆಕಾರ್ಡಿಂಗು. ಹಡಗಲಿಯಿಂದ ಬಂದ ಮಗಳು ಶ್ರದ್ಧಾಂಜಲಿಯ ಫ್ಲೆಕ್ಸಿಗೆಂದು ಫೋಟೋ ಹಿಡಿದು ನನ್ನ ಅಂಗಡಿಗೆ ಬಂದಳು. ಅಳುತ್ತಿರಲಿಲ್ಲ. ಅಳು ಮುಂಚೆಯೇ ಒಂದು ಸಲ ಮುಗಿದಿತ್ತು.

"ಅಣ್ಣಾರು ಹೇಳಂಗಿಲ್ಲಂತಲ್ಲ ಈಗ?"

"ಗಂಟಲು ಸರಿ ಇಲ್ಲಕ್ಕ ಅವ್ರಿಗೆ" ಎಂದೆ. ಸುಳ್ಳು ನನಗೂ ರೂಢಿಯಾಗಿತ್ತು.

"ಅವತ್ತು ಸುಳ್ಳು ಅಂತ ಗೊತ್ತಾದಾಗ, ಅಪ್ಪ ಅಂದಿದ್ದ. ‘ಖರೆ ಹೋದಾಗ ಇವನ ದನೀನ ಹಾಕಸು, ಇಲ್ಲಾಂದ್ರ ಯಾರೂ ನಂಬಂಗಿಲ್ಲ’ ಅಂತ. ನಕ್ಕೋತ ಅಂದಿದ್ದ." ಫೋಟೋವನ್ನು ಮೇಜಿನ ಮೇಲಿಟ್ಟಳು. "ಇರ್ಲಿ ಬಿಡ್ರಿ."

ಆಕೆ ಬೇಡಿಕೊಂಡಿದ್ದರೆ ಇಲ್ಲ ಅನ್ನುತ್ತಿದ್ದೆ. ಇರ್ಲಿ ಬಿಡ್ರಿ ಅಂದದ್ದೇ ತಪ್ಪಾಯಿತು. ನನ್ನ ಕಂಪ್ಯೂಟರಿನಲ್ಲಿ ಅವರ ಹಳೆಯ ಸಾವುಗಳೆಲ್ಲ ಇದ್ದವು. ಕೊಟ್ರಪ್ಪ ಎಂಬ ಹೆಸರು ಎಷ್ಟು ಸಲ ಬೇಕೋ ಅಷ್ಟು ಸಲ ಇತ್ತು. ಓಣಿಯ ಹೆಸರು ಇತ್ತು, ಮಧ್ಯಾಹ್ನ ಮೂರು ಗಂಟೆಯೂ ಇತ್ತು. ಒಬ್ಬರ ಸಾವಿನಿಂದ ಮೊದಲ ಸಾಲು, ಇನ್ನೊಬ್ಬರದರಿಂದ ಹೆಸರು, ಮತ್ತೊಬ್ಬರದರಿಂದ ಹೊತ್ತು. ಅಂಟಿಸಿದೆ. ಅರ್ಧ ತಾಸಿನ ಕೆಲಸ. ಮಾಡುವ ಮುಂಚೆ ಅವರಿಗೆ ಫೋನ್ ಮಾಡಿದೆ, ಸ್ಟುಡಿಯೋದಲ್ಲಿ ಇದ್ದುದರಿಂದ ಅವರ ಫೋನು ಬಂದ್ ಆಗಿತ್ತು ಎಂದು ಒಂದು ನೆನಪು ಹೇಳುತ್ತದೆ. ಫೋನ್ ಮಾಡಲೇ ಇಲ್ಲ ಎಂದು ಇನ್ನೊಂದು ಹೇಳುತ್ತದೆ. ಮೊದಲನೆಯದು ನನಗೆ ತುಂಬ ಅನುಕೂಲವಾಗಿದೆ, ಆದ್ದರಿಂದ ಎರಡನೆಯದೇ ಸರಿ ಇರಬೇಕು.

ಆಟೋ ಹೊರಟಿತು. ಜನ ಬಾಗಿಲಿಗೆ ಬಂದರು, ನಂಬಿದರು, ಮೂರು ಗಂಟೆಗೆ ಬಂದರು. ಅಂಗಡಿಯ ಮುಂದೆ ಹಾದುಹೋಗುವಾಗ ನನಗೆ ಕೇಳಿಸಿತು: ಹೆಸರಿನ ಮುಂಚೆ ಉಸಿರು ಇರಲಿಲ್ಲ. ಅವಸರದಲ್ಲಿ ಅಂಟಿಸುವಾಗ ಆ ಖಾಲಿ ಬಿದ್ದುಹೋಗಿತ್ತು. ‘ತಿಳಿಸುತ್ತೇವೆ’ ಎಂದ ಕೂಡಲೇ ಕೊಟ್ರಪ್ಪನವರು ಸತ್ತಿದ್ದರು.

ಸೀರೆ ಅಂಗಡಿಯ ಮಾಲೀಕರಿಗೂ ಕೇಳಿಸಿತ್ತು. ಮರುದಿನ ಇವರನ್ನು ಕರೆಸಿದರು. ನಾನೂ ಹೋದೆ, ಏನಾದರೂ ಹೇಳಬೇಕೆಂದುಕೊಂಡೇ ಹೋದೆ.

"ಅಣ್ಣಾರ, ನಿನ್ನಿ ಆಟೋದಾಗ ಇದ್ದದ್ದು ನಿಮ್ಮ ದನಿ ಹೌದೋ ಅಲ್ಲೋ?"

ಅವರು ನನ್ನ ಕಡೆಗೆ ನೋಡಲಿಲ್ಲ. "ನಂದ ದನಿ ರೀ" ಎಂದರು.

"ಮಾತು ಏನಾಗಿತ್ತು ನಮ್ದು?"

"ಮಾತು ತಪ್ಪೈತಿ. ನೀವು ಬ್ಯಾರೆಯವ್ರನ್ನ ನೋಡ್ಕೊಳ್ರಿ."

ಇಷ್ಟೇ. ನಾನು ಬಾಯಿ ತೆರೆದಿದ್ದೆನೆಂದು ಬರೆದರೆ ಚೆನ್ನಾಗಿರುತ್ತದೆ. ಗೋಡೆಗೆ ತೂಗುಹಾಕಿದ್ದ ಇಳಕಲ್ ಸೀರೆಯ ಅಂಚು ನೋಡುತ್ತಿದ್ದೆ. ಆ ಅಂಚಿನ ಬಣ್ಣ ಮಾತ್ರ ಯಾವ ಅನುಮಾನವೂ ಇಲ್ಲದೆ ನೆನಪಿದೆ.

ಮಾಲೀಕರು ಕಂಪ್ಯೂಟರಿನ ಹೆಣ್ಣುದನಿಯೊಂದನ್ನು ಹಾಕಿಸಿಕೊಂಡರು. ಅದಕ್ಕೆ ಜೀರಿಗೆ ನೀರೂ ಬೇಡ, ಕರಾರೂ ಬೇಡ. ಇವರು ಬೆಳಿಗ್ಗೆ ಬಸ್ಸಿಗೆ ಕೂಗಲು ಹೋಗತೊಡಗಿದರು. ಹಾಗೆಂದರೆ ಮೊದಲು ನೆನಪಾದ ಚಿತ್ರ ಈ ಎರಡನೆಯ ಸಲದ್ದಿರಬೇಕು, ಪಕ್ಕದ ಅಂಗಡಿಯೂ ಸರಿಯೇ ಇರಬೇಕು. ಸಾವುಗಳನ್ನು ಮತ್ತೆ ಹೇಳತೊಡಗಿದರು, ಮೊದಲಿನ ಹಾಗೆಯೇ ದುಡ್ಡಿಲ್ಲದೆ. ಫೈಲುಗಳು ಮೊದಲಿನ ಹಾಗೆಯೇ ನನ್ನಲ್ಲಿಗೆ ಬರುತ್ತಿದ್ದವು. ಆ ವಿಷಯ ನಮ್ಮ ನಡುವೆ ಬರಲಿಲ್ಲ. ಒಂದು ದಿನ ಚಹಾ ಕುಡಿಯುತ್ತ ಸ್ಟೂಲಿನ ಮೇಲೆ ಕೂತವರು, "ಉಸುರು ಬಿಡಾಕ ಜಾಗ ಇಡಬೇಕಲೇ ತಮ್ಮ" ಎಂದರು. ಆಗ ಅಂಗಡಿಯ ತುಂಬ ಫ್ಲೆಕ್ಸಿನ ಉರುಳೆಗಳು ಬಿದ್ದಿದ್ದವು, ಕಿಟಕಿ ಮುಚ್ಚಿತ್ತು. ಕಿಟಕಿ ತೆರೆದೆ.

ಹೋದ ತಿಂಗಳು ಅವರು ತೀರಿಕೊಂಡ ದಿನ ಆಟೋದವನು ನನ್ನಲ್ಲಿಗೆ ಬಂದು, "ಅವ್ರ ದನೀನ ಹಾಕೋಣೇನ್ರಿ? ನಿಮ್ಮ ಕಂಪ್ಯೂಟರಿನಾಗ ಎಲ್ಲಾ ಐತಲ್ಲ" ಎಂದ. ಇಂಥ ಕೆಲಸ ಈ ಸಲ ಕೇಳಿಯೇ ಮಾಡೋಣವೆಂದು ಅವರ ಮನೆಗೆ ಹೋದೆ. ಅವರ ಹೆಂಡತಿ ಕಣ್ಣೊರೆಸಿಕೊಂಡು, "ಬ್ಯಾಡ" ಎಂದರು. "ತಮ್ಮ ಸಾವು ತಾವ ಹೇಳ್ಕೊಂಡ್ರ, ಸತ್ತ ಮ್ಯಾಲೂ ಎಷ್ಟು ಜಂಬ ಅಂತಾರ ಮಂದಿ."

ಕಂಪ್ಯೂಟರಿನ ಹೆಣ್ಣುದನಿಯನ್ನೇ ಹಾಕಿದೆವು. ಸೀರೆ ಆಫರ್ ಎಂದುಕೊಂಡು ಯಾರೂ ಬಾಗಿಲಿಗೆ ಬರಲಿಲ್ಲ ಎಂದು ಆಟೋದವನು ಹೇಳುತ್ತಾನೆ. ಇದು ತೀರಾ ಒಪ್ಪವಾಗಿದೆ, ನಾನು ನಂಬುವುದಿಲ್ಲ. ಮಣ್ಣಿಗೆ ಜನ ಇದ್ದರು. ಹಡಗಲಿಯ ಆಕೆಯೂ ಬಂದಿದ್ದಳು, ಆಕೆಗೆ ಯಾರು ಹೇಳಿದರೋ. ಆ ದನಿಯ ಪಠ್ಯವನ್ನು ಟೈಪು ಮಾಡಿದವನು ನಾನೇ. ಹೆಸರಿನ ಮುಂಚೆ ಖಾಲಿ ಜಾಗ ಬಿಟ್ಟು, ಮತ್ತೆ ಬಿಟ್ಟು, ಚುಕ್ಕಿಗಳನ್ನು ಇಟ್ಟು ನೋಡಿದೆ. ಯಂತ್ರ ಅದನ್ನೆಲ್ಲ ನುಂಗಿ ನೇರ ಹೆಸರಿಗೆ ಹೋಗುತ್ತಿತ್ತು.

ಕೊಟ್ರಪ್ಪನವರು ಹೋದ ದಿನ ಹೊಸಪೇಟೆಗೆ ಫೋನ್ ಮಾಡಿ ಕೇಳಿದ್ದರೆ ಅವರು ಹೂಂ ಅನ್ನುತ್ತಿದ್ದರೋ, ಕರಾರು ಉಳಿಸಿಕೊಳ್ಳುತ್ತಿದ್ದರೋ ನನಗೆ ಗೊತ್ತಿಲ್ಲ. ಆ ದನಿಯನ್ನು ಅಂಟಿಸಿದವನು ನಾನೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ.